ಶಸ್ತ್ರಚಿಕಿತ್ಸೆಯಲ್ಲಿ ಸುರಕ್ಷತೆ: ಒಂದು ಪಟ್ಟಿಯ ಚರಿತ್ರೆ

ಶಸ್ತ್ರವೈದ್ಯವು ಭರತಖಂಡಕ್ಕೆ ಪರದೇಶದಿಂದ ಬಂದ ವಿದ್ಯೆಯಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಐದನೆಯದು ‘ಅಗ್ರೋಪಹರಣೀಯ’ವೆಂಬ ಅಧ್ಯಾಯ. ಶಸ್ತ್ರವನ್ನು ಕೈಗೆತ್ತಿಕೊಳ್ಳುವುದಕ್ಕೆ ಮುಂಚೆ ಯಾವ ಯಾವ ಸಲಕರಣೆಗಳನ್ನು ಒದಗಿಸಿಟ್ಟುಕೊಳ್ಳಬೇಕು, ಬಳಿಯಲ್ಲಿ ನಿಲ್ಲುವ ಪರಿಚಾರಕರು ಎಂತಹ ಸ್ಥಿರಚಿತ್ತರಾಗಿರಬೇಕು ಎಂಬುದನ್ನೆಲ್ಲ ಅಲ್ಲಿ ಹೇಳಿದೆ. ಆದರೂ ಇಂದಿನ ಆಸ್ಪತ್ರೆಗಳು ಈ ಪಾಠವನ್ನು ಕಲಿತುದು ಸುಶ್ರುತನಿಂದಲ್ಲ, ವಿಮಾನ ನಡೆಸುವವರಿಂದ ಎಂಬುದು ವಿಚಿತ್ರವಾದರೂ ನಿಜ.

ಬೆಂಗಳೂರಿನ ಹೊರವಲಯವನ್ನೇ ನೋಡೋಣ. 2001ರಲ್ಲಿ ವೈಟ್‌ಫೀಲ್ಡಿನಲ್ಲಿ ಶ್ರೀ ಸತ್ಯಸಾಯಿ ಸಂಸ್ಥೆಯ ಆಸ್ಪತ್ರೆಯು ಹಣವನ್ನೇ ಕೇಳದೆ ಹೃದಯದ ಮತ್ತು ಮಿದುಳಿನ ಶಸ್ತ್ರಚಿಕಿತ್ಸೆಗೆ ತೊಡಗಿತು. ಎಲೆಕ್ಟ್ರಾನಿಕ್ ಸಿಟಿಯಾಚೆಯ ಬೊಮ್ಮಸಂದ್ರದಲ್ಲಿ ಡಾ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯವು ತಲೆಯೆತ್ತಿತು. 2003ರಲ್ಲಿ ಜಾರಿಗೆ ಬಂದ ‘ಯಶಸ್ವಿನಿ’ ಯೋಜನೆಯಿಂದ ಸಹಕಾರ ಸಂಘದ ರೈತನು ತಿಂಗಳಿಗೆ 5 ರೂಪಾಯಿ ಕೊಟ್ಟು ಶಸ್ತ್ರಚಿಕಿತ್ಸೆಗೆ ಅರ್ಹನಾದನು. ಹೀಗೆ ಶಸ್ತ್ರಚಿಕಿತ್ಸೆ ಬಡವನ ಕೈಗೆಟುಕಿತು. ಅದು ಅವನಿಗೆ ಸುರಕ್ಷಿತವಾಗುವುದು ಬೇರೊಂದು ಕಥೆ.

ಆ ಕಥೆ ಮೊದಲಾದುದು 1935ರ ಅಕ್ಟೋಬರ್ 30ರಂದು, ಅಮೆರಿಕೆಯ ಡೇಟನ್ ನಗರದಲ್ಲಿ. ಬೋಯಿಂಗ್ ಕಂಪೆನಿಯ ಹೊಸ ವಿಮಾನವು ಮೇಲೇರಿದ ಕ್ಷಣದಲ್ಲೇ ಉರುಳಿ ಬಿದ್ದಿತು. ಯಂತ್ರದಲ್ಲಿ ದೋಷವಿರಲಿಲ್ಲ, ನುರಿತ ಚಾಲಕನು ಒಂದು ಬೀಗವನ್ನು ಸಡಿಲಿಸಲು ಮರೆತಿದ್ದನು. ಅಲ್ಲಿಂದ ಮುಂದೆ ಚಾಲಕರು ಒಂದು ಚಿಕ್ಕ ಪಟ್ಟಿಯನ್ನು ಓದಿಯೇ ಹೊರಡುವುದು ರೂಢಿಯಾಯಿತು. ಇದೇ ಉಪಾಯವು ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಶಸ್ತ್ರಚಿಕಿತ್ಸೆಯ ಕೋಣೆಯನ್ನು ಸೇರಲು 2008ನೆಯ ಇಸವಿಯೇ ಬರಬೇಕಾಯಿತು. ಡಾ. ಅತುಲ್ ಗವಾಂಡೆಯವರ ಮುಂದಾಳುತನದಲ್ಲಿ ಸಿದ್ಧವಾದ ಆ ಪಟ್ಟಿಯಲ್ಲಿ ಇರುವುವು 19 ಅಂಶಗಳು ಮಾತ್ರ. ಅರಿವಳಿಕೆಗೆ ಮೊದಲು, ಚರ್ಮವನ್ನು ಕೊಯ್ಯುವ ಮೊದಲು, ರೋಗಿಯನ್ನು ಹೊರಗೆ ಸಾಗಿಸುವ ಮೊದಲು ಮೂರಾವರ್ತಿ ನಿಂತು ಗಟ್ಟಿಯಾಗಿ ಕೇಳಬೇಕು: ರೋಗಿ ಇವನೇಯೇ? ಸ್ಥಳವಿದೇಯೇ? ಅರಿವೆಗಳ ಎಣಿಕೆ ಸರಿಹೋಯಿತೇ? ದೆಹಲಿಯ ಒಂದು ಆಸ್ಪತ್ರೆಯೂ ಸೇರಿ ಎಂಟು ನಗರಗಳಲ್ಲಿ ನಡೆದ ಪರೀಕ್ಷೆಯಲ್ಲಿ ಮರಣವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು.

ಕಾಗದಕ್ಕೆ ಖರ್ಚಿಲ್ಲ. ಬಡ ಆಸ್ಪತ್ರೆಗೆ ಇದಕ್ಕಿಂತ ಒಪ್ಪುವ ಸಾಧನವೆಲ್ಲಿ ಎಂದು ತೋರುವುದು ಸಹಜ. ಆದರೆ ಪಟ್ಟಿಯ ಜೀವವಿರುವುದು ಕಾಗದದಲ್ಲಲ್ಲ. ಕಿರಿಯ ದಾದಿಯೊಬ್ಬಳು ಹಿರಿಯ ವೈದ್ಯನನ್ನು ‘ಸ್ವಲ್ಪ ನಿಲ್ಲಿರಿ’ ಎನ್ನಬೇಕು, ಅವನು ನಿಲ್ಲಬೇಕು. ಮೇಲುಕೀಳಿನ ಮರ್ಯಾದೆ ಬಿಗಿಯಾಗಿರುವ ನಮ್ಮಲ್ಲಿ ಇದು ಹೊಸ ಯಂತ್ರವನ್ನು ತರುವುದಕ್ಕಿಂತ ಕಠಿಣವಾದುದು. ಕೆನಡಾದ ಆಂಟೇರಿಯೊ ಪ್ರಾಂತ್ಯದ 101 ಆಸ್ಪತ್ರೆಗಳಲ್ಲಿ ಪಟ್ಟಿ ಜಾರಿಗೆ ಬಂದರೂ ಮರಣ ಗಮನಾರ್ಹವಾಗಿ ಇಳಿಯಲಿಲ್ಲವೆಂದು 2014ರಲ್ಲಿ ತಿಳಿದುಬಂದಿತು. ಗುರುತು ಹಾಕುವುದು ಬೇರೆ, ಕೇಳುವುದು ಬೇರೆ.

ಪ್ರಸವಕ್ಕಾಗಿ ಮಾಡಿದ ಇಂತಹುದೇ ಪಟ್ಟಿಯನ್ನು 2010ರಲ್ಲಿ ನಮ್ಮ ಕರ್ಣಾಟಕದ ಒಂದು ತಾಲ್ಲೂಕುಮಟ್ಟದ ಹೆರಿಗೆ ಕೇಂದ್ರದಲ್ಲಿ ಪರೀಕ್ಷಿಸಲಾಯಿತು. ಮಾಡಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದಲ್ಲಿ 25 ನಡೆಯುವಂತಾಯಿತು. ಸಂತೋಷದ ಸುದ್ದಿಯೇ ಸರಿ. ಆದರೆ ಮುಂದೆ ಉತ್ತರಪ್ರದೇಶದ 120 ಕೇಂದ್ರಗಳಲ್ಲಿ ಒಂದೂವರೆ ಲಕ್ಷಕ್ಕೂ ಮೀರಿದ ತಾಯಂದಿರ ನಡುವೆ ನಡೆದ ಮಹಾಪರೀಕ್ಷೆಯಲ್ಲಿ, ದಾದಿಯರ ನಡವಳಿಕೆ ತಿದ್ದಿತಾದರೂ ತಾಯಿಮಕ್ಕಳ ಮರಣವು ಇಳಿಯಲಿಲ್ಲ. 2017ರಲ್ಲಿ ಹೊರಬಂದ ಈ ಫಲಿತಾಂಶವನ್ನು ಬಚ್ಚಿಡದೆ ಪ್ರಕಟಿಸಿದವರ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಪಟ್ಟಿಯು ನೆನಪಿಸಬಲ್ಲುದು, ಇಲ್ಲದ ರಕ್ತವನ್ನು, ಬಾರದ ವೈದ್ಯನನ್ನು ಅದು ತಂದುಕೊಡಲಾರದು.

ಪೀಣ್ಯದಂತಹ ಕಾರ್ಖಾನೆಯ ನೆರೆಯಲ್ಲಿ ಯಂತ್ರಕ್ಕೆ ಕೈಬೆರಳು ಸಿಕ್ಕ ಕೂಲಿಕಾರನನ್ನು ಮೊದಲು ಕೊಂಡೊಯ್ಯುವುದು ಸಮೀಪದ ಚಿಕ್ಕ ಆಸ್ಪತ್ರೆಗೆ. ಅಲ್ಲಿಗೆ ಅರಿವಳಿಕೆಯ ವೈದ್ಯನು ಹೊರಗಿನಿಂದ ಬರುವವನಾದರೆ ದಾದಿಯ ಹೆಸರನ್ನೂ ಅರಿಯನು. ಕೊಯ್ಯುವ ಮೊದಲು ಎಲ್ಲರೂ ತಮ್ಮ ಹೆಸರು ಹೇಳಿಕೊಳ್ಳಬೇಕೆಂಬ ಅಂಶವು ಪಟ್ಟಿಯಲ್ಲಿ ಸೇರಿರುವುದು ಇದಕ್ಕಾಗಿಯೇ. ಮಠಗಳ ಭಕ್ತರು ಆಸ್ಪತ್ರೆಗೆ ಕಟ್ಟಡವನ್ನು ಕೊಡುವುದುಂಟು, ಯಂತ್ರವನ್ನು ಕೊಡುವುದುಂಟು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಪುಟ್ಟ ಉಪಕರಣವೂ, ಅರಿವೆಗಳನ್ನು ಎಣಿಸುವ ಇನ್ನೊಬ್ಬ ದಾದಿಯ ಸಂಬಳವೂ ದಾನದ ಪಟ್ಟಿಯಲ್ಲಿ ಕಾಣುವುದು ಅಪರೂಪ.