ಪ್ರಶ್ನಾವಳಿಯ ಶೂನ್ಯ ದೋಷ

ದೊಡ್ಡಬಳ್ಳಾಪುರದ ಕಡೆ ಮುದ್ದೆ ಉಣ್ಣುವ ಕ್ರಮ ನಿಮಗೆ ಗೊತ್ತೇ ಇದೆ. ಸಣ್ಣದಾಗಿ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಬೇಕು. ಈಗ ಯಾರಾದರೂ ಒಂದು ಪ್ರಶ್ನಾವಳಿ ಕೊಟ್ಟು, ಊಟವನ್ನು ಸಣ್ಣ ತುಂಡು ಮಾಡಿಕೊಂಡು ತಿನ್ನುತ್ತೀರಾ ಎಂದು ಕೇಳಿದರೆ? ‘ಯಾವಾಗಲೂ’ ಎಂದು ಗುರುತು ಹಾಕಿದೊಡನೆ ನಿಮ್ಮ ಲೆಕ್ಕಕ್ಕೆ 3 ಅಂಕ ಸೇರುತ್ತದೆ. ಒಟ್ಟು 20 ಮುಟ್ಟಿದರೆ, ಆಹಾರ ಸೇವನೆಗೆ ಸಂಬಂಧಿಸಿದ ಮಾನಸಿಕ ಕಾಯಿಲೆ ಇರಬಹುದು, ವೈದ್ಯರು ಪರೀಕ್ಷಿಸಬೇಕು ಎಂದರ್ಥ.

ಈ ಪ್ರಶ್ನಾವಳಿ ಹುಟ್ಟಿದ್ದು ಕೆನಡಾದ ಟೊರಾಂಟೊದಲ್ಲಿ. ದಪ್ಪಗಾಗುವ ಭಯದಿಂದ ಊಟ ಬಿಟ್ಟು ಸೊರಗುವ ‘ಅನೊರೆಕ್ಸಿಯಾ ನರ್ವೋಸಾ’ದ ಲಕ್ಷಣಗಳನ್ನು ಅಳೆಯಲು ಡೇವಿಡ್ ಗಾರ್ನರ್ ಮತ್ತು ಪಾಲ್ ಗಾರ್ಫಿಂಕೆಲ್ 1979ರಲ್ಲಿ 40 ಪ್ರಶ್ನೆಗಳನ್ನು ಪ್ರಕಟಿಸಿದರು. 1982ರಲ್ಲಿ ಅವು 26ಕ್ಕೆ ಇಳಿದವು. ಮಾನಸಿಕ ಕಾಯಿಲೆಗಳ ಪೈಕಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಇದೂ ಒಂದಾದ್ದರಿಂದ, ಬೇಗ ಗುರುತಿಸುವ ಸಾಧನ ಬೇಕೇ ಬೇಕಿತ್ತು.

ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದವರಿಗೆ ಶೂನ್ಯ ದೋಷವೆಂದರೆ ಏನೆಂದು ಹೇಳಬೇಕಾಗಿಲ್ಲ. ಉಪಕರಣದ ಸೊನ್ನೆಯೇ ಸರಿದಿದ್ದರೆ ಅಳತೆ ಎಷ್ಟು ಜಾಗ್ರತೆಯದಾದರೂ ತಪ್ಪೇ. 1989ರಲ್ಲಿ ಮೈಕೆಲ್ ಕಿಂಗ್ ಮತ್ತು ದಿನೇಶ್ ಭುಗ್ರ ಪ್ರಕಟಿಸಿದ ಅಧ್ಯಯನದಲ್ಲಿ ಆದದ್ದೂ ಬಹುಶಃ ಇದೇ. ಉತ್ತರ ಭಾರತದ ಶಾಲಾ ಬಾಲಕಿಯರಿಗೆ ಈ 26 ಪ್ರಶ್ನೆಗಳನ್ನು ಕೊಟ್ಟಾಗ ನೂರಕ್ಕೆ 29 ಮಂದಿ ಗಡಿ ದಾಟಿದರು! ಅಷ್ಟು ಮಂದಿಗೆ ಕಾಯಿಲೆಯೆ? ಐದು ಪ್ರಶ್ನೆಗಳಿಗೆ ಬಂದ ಉತ್ತರಗಳಲ್ಲಿ ಧರ್ಮ, ಆಚಾರಗಳ ಪ್ರಭಾವವಿತ್ತೆಂದು ಸಂಶೋಧಕರು ಕಂಡುಕೊಂಡರು. ಊಟದಲ್ಲಿ ಸಂಯಮ ತೋರುತ್ತೀರಾ ಎಂದರೆ, ಷಷ್ಠಿಯ ಉಪವಾಸವಿದ್ದು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ನಿಮ್ಮ ಅಜ್ಜಿ ಹೆಮ್ಮೆಯಿಂದ ‘ಹೌದು’ ಎನ್ನುವುದಿಲ್ಲವೆ?

ದೋಷ ಇನ್ನೊಂದು ದಿಕ್ಕಿಗೂ ವಾಲುತ್ತದೆ. ನನಗೆ ಹೆಚ್ಚು ಆತಂಕದ್ದು ಅದೇ. 1995ರಲ್ಲಿ ದೆಹಲಿಯ ವೈದ್ಯರು ಐವರು ಯುವತಿಯರ ವಿಷಯ ಪ್ರಕಟಿಸಿದರು. ಊಟ ಒಲ್ಲರು, ವಾಂತಿ ನಿಲ್ಲದು, ತೂಕ ಬಹಳ ಇಳಿದಿದೆ, ಮುಟ್ಟು ನಿಂತಿದೆ. ಆದರೆ ತಮ್ಮ ದೇಹದ ಆಕಾರದ ಬಗ್ಗೆ ತಪ್ಪು ಕಲ್ಪನೆ ಅವರಲ್ಲಿ ಕಾಣಲಿಲ್ಲ. ದಪ್ಪಗಾಗುವ ಭಯವನ್ನೇ ಕೆದಕುವ ಪ್ರಶ್ನೆಗಳಿಗೆ ಇಂಥವರು ‘ಇಲ್ಲ’ ಎಂದು ಬರೆದು ಸುಲಭವಾಗಿ ಪಾರಾಗಿಬಿಡಬಹುದು.

ಹಾಗಾದರೆ ಇದು ನಮ್ಮಲ್ಲಿ ಇಲ್ಲದ ಕಾಯಿಲೆಯೆ? ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ 66 ಮನೋವೈದ್ಯರನ್ನು ವಿಚಾರಿಸಿ 2012ರಲ್ಲಿ ವರದಿ ಪ್ರಕಟಿಸಿದರು. ಮೂರರಲ್ಲಿ ಎರಡು ಪಾಲು ವೈದ್ಯರು ಒಬ್ಬರಾದರೂ ಇಂಥ ರೋಗಿಯನ್ನು ನೋಡಿದ್ದರು. ಮೈಸೂರಿನ ವಿದ್ಯಾರ್ಥಿಗಳಲ್ಲಿ ಅದೇ 26 ಪ್ರಶ್ನೆಗಳಿಂದ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಕಾಲು ಭಾಗದವರು ಗಡಿ ದಾಟಿದ್ದರು. ಅವರಲ್ಲಿ ಮುದ್ದೆಯ ಅಂಕ ಎಷ್ಟು, ಕಾಯಿಲೆಯ ಅಂಕ ಎಷ್ಟು ಎಂಬುದು ಎದುರು ಕುಳಿತು ಮಾತನಾಡಿಸಿದಾಗಲೇ ತಿಳಿಯುವ ಸಂಗತಿ.

ನಿಮ್ಮ ಹಾಸ್ಟೆಲಿನ ಗೆಳತಿಯೋ ಗೆಳೆಯನೋ ತಟ್ಟೆ ಮುಂದಿಟ್ಟುಕೊಂಡು ಉಣ್ಣದೆ ಏಳುತ್ತಿದ್ದರೆ, ಊಟವಾದೊಡನೆ ಬಚ್ಚಲಿಗೆ ಹೋಗುತ್ತಿದ್ದರೆ, ಅಂಕ ಕೂಡಿಸುತ್ತ ಕೂರಬೇಡಿ. ಮನೆಯವರಿಗೆ ಅಥವಾ ವಾರ್ಡನ್ನರಿಗೆ ತಿಳಿಸಿ. 14416ಕ್ಕೆ ಫೋನು ಮಾಡಿದರೆ ಟೆಲಿ ಮನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.