ಹೈದರಾಬಾದ್ ನಂ. 12ಎ

ಅಮೀರ್‌ಪೇಟ್ ಪಕ್ಕದ ಬೇಗಂಪೇಟ್‌ನಲ್ಲಿ 2008ರವರೆಗೆ ನಗರದ ವಿಮಾನ ನಿಲ್ದಾಣವಿತ್ತು. ಆ ನಿಲ್ದಾಣ ಹುಟ್ಟುವ ಮೊದಲೇ, 1918ರಲ್ಲಿ, ಹೈದರಾಬಾದಿನ ಹೆಸರು ಫ್ರಾನ್ಸಿನ ಆಕಾಶದಲ್ಲಿ ಹಾರಿತ್ತು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕೊಟ್ಟ ಹಣದಿಂದ ಬ್ರಿಟಿಷ್ ವಾಯುಪಡೆಯ 110ನೇ ಸ್ಕ್ವಾಡ್ರನ್ನಿಗೆ ಡಿಎಚ್-9ಎ ಬಾಂಬರುಗಳು ಬಂದವು.

ಅವುಗಳಲ್ಲೊಂದು ಎಫ್-1010. ಮೈಮೇಲಿನ ಹೆಸರು ‘ಹೈದರಾಬಾದ್ ನಂ. 12ಎ’. ಸ್ಕ್ವಾಡ್ರನ್ ಫ್ರಾನ್ಸ್ ತಲುಪಿದ್ದು ಸೆಪ್ಟೆಂಬರ್ ಆರಂಭದಲ್ಲಿ. ಈ ವಿಮಾನ ಅಕ್ಟೋಬರ್ 5ರಂದು ಜರ್ಮನ್ನರ ಕೈಸೇರಿತು. ಬರ್ಲಿನ್, ಪೋಲೆಂಡ್ ಸುತ್ತಿ ಕೊನೆಗೆ ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂ ಸೇರಿತು.

ಇದರ ಪುಟ್ಟ ಮಾದರಿ ಕಟ್ಟಿ ಕೆಸರಿನ ಏರ್‌ಫೀಲ್ಡಿನ ದೃಶ್ಯದಲ್ಲಿ ನಿಲ್ಲಿಸುವವರಿಗೆ ಈ ತಾರೀಖುಗಳು ಮುಖ್ಯ. ಬಣ್ಣ ಕೆರೆದು ಒಳಗಿನ ಬೆಳ್ಳಿ ತೋರಿಸುವುದು ಲೋಹದ ವಿಮಾನಕ್ಕೆ ಸರಿ. ಇದರ ರೆಕ್ಕೆ ಮರದ ಚೌಕಟ್ಟಿಗೆ ಬಿಗಿದ ಬಟ್ಟೆ. ಯುದ್ಧದಲ್ಲಿ ಕಳೆದದ್ದು ಹೆಚ್ಚೆಂದರೆ ಐದು ವಾರ, ಹಾಗಾಗಿ ವರ್ಷಗಟ್ಟಲೆ ಬಿಸಿಲುಂಡು ಮಾಸಿದ ಬಣ್ಣವೂ ಬೇಡ. ಚಕ್ರಕ್ಕೆ ಕೆಸರು, ಎಂಜಿನ್ ಹಿಂದೆ ಎಣ್ಣೆಯ ಕಲೆ, ಹೊಗೆಕೊಳವೆಯ ಸುತ್ತ ಮಸಿ, ಇಷ್ಟು ಸಾಕು.

ಕುಂಚಕ್ಕೆ ದಕ್ಕದ್ದು ಇನ್ನೊಂದಿದೆ. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮನ ಸೀಮೆ. ಅವನ ಸಂಪತ್ತು ಬೆಳೆದದ್ದು ಇಂಥ ನೆಲಗಳ ಕಂದಾಯದಿಂದ. ಆ ವಿಮಾನದ ಮೇಲೆ ರಾಜ್ಯದ ಹೆಸರಿದೆ. ಕಂದಾಯ ಕಟ್ಟಿದ ಕನ್ನಡದ ರೈತನ ಗುರುತು ಎಲ್ಲೂ ಇಲ್ಲ. ಮಾದರಿಯ ಕೆಳಗಿನ ಫಲಕದಲ್ಲಾದರೂ ಅವನಿಗೊಂದು ಸಾಲು ಸಿಗಬೇಕು.