ದಪ್ಪಕ್ಷರದ ನಗು

ದಪ್ಪ ಅಕ್ಷರ ಬೆಳೆದದ್ದೇ ಜಾಹೀರಾತಿನ ಆಸರೆಯಲ್ಲಿ. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಅಚ್ಚುಮೊಳೆ ತಯಾರಕರು ಪುಸ್ತಕದ ಅಕ್ಷರಗಳನ್ನೇ ಉಬ್ಬಿಸಿ ‘ಫ್ಯಾಟ್ ಫೇಸ್’ ಮಾಡಿದರು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಕ್ಷರಗಳನ್ನು ಯಂತ್ರದಿಂದ ಕೊರೆಯಲು ಶುರುಮಾಡಿದ ಮೇಲೆ ದೊಡ್ಡ ಪೋಸ್ಟರ್‌ಗಳು ಸುಲಭವಾದವು. ಆ ಅಕ್ಷರಗಳಿಗೆ ದನಿ ಜೋರಾಗಿತ್ತು. ನಗು ಬಂದದ್ದು 1922ರಲ್ಲಿ, ಕೂಪರ್ ಬ್ಲ್ಯಾಕ್ ಎಂಬ ಅಕ್ಷರಶೈಲಿ ಬಂದಾಗ.

ಅದನ್ನು ಬರೆದ ಆಸ್ವಾಲ್ಡ್ ಕೂಪರ್ ಷಿಕಾಗೋದಲ್ಲಿ ಅಕ್ಷರ ವಿನ್ಯಾಸಕ ಫ್ರೆಡರಿಕ್ ಗೌಡಿಯವರ ಶಿಷ್ಯ. ಜಾಹೀರಾತುಗಳಿಗೆ ಕೈಯಲ್ಲೇ ಅಕ್ಷರ ಬರೆದು ಪಳಗಿದವರು. ಆ ಕೈಯ ಗುರುತು ಅಕ್ಷರದಲ್ಲಿ ಕಾಣುತ್ತದೆ. ಇಂಗ್ಲಿಷಿನ ‘ಓ’ ನೋಡಿ: ಹೊರಗೆ ತುಂಬಿಕೊಂಡ ಗುಂಡು, ಒಳಗಿನ ಕಿರಿದಾದ ಬಿಳಿ ಹಿಂದಕ್ಕೆ ವಾಲಿದೆ. ಅಷ್ಟು ಮಸಿಯ ನಡುವೆ ಅಕ್ಷರಕ್ಕೆ ಜೀವ ಬರುವುದು ಆ ವಾಲಿಕೆಯಿಂದ. ಕಾಲಂಚುಗಳಲ್ಲಿ ಒಂದೂ ಚೂಪು ಮೂಲೆಯಿಲ್ಲ, ಹಾಗಾಗಿ ಮಸಿ ಸ್ವಲ್ಪ ಹರಡಿದರೂ ಕೆಟ್ಟದಾಗಿ ಕಾಣುವುದಿಲ್ಲ. ಕೆಳಗಿಳಿಯುವ ಬಾಲಗಳು ಮೊಟಕಾದ್ದರಿಂದ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಬಹುದು.

ಅದರ ಎರಡನೇ ಜನ್ಮ 1960ರ ದಶಕದ್ದು. ಫೋಟೋ ಟೈಪ್‌ಸೆಟ್ಟಿಂಗ್ ಮತ್ತು ಉಜ್ಜಿ ಅಂಟಿಸುವ ಲೆಟ್ರಾಸೆಟ್ ಹಾಳೆಗಳು ಬಂದಾಗ ಸೀಸದ ಮೊಳೆಯ ಹಂಗು ತಪ್ಪಿತು. ಅಕ್ಷರಗಳು ಒಂದಕ್ಕೊಂದು ತಾಗಿ ಕೂರಬಲ್ಲವಾದವು. 1966ರ ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’ ಆಲ್ಬಂನ ಹೊದಿಕೆಯಲ್ಲಿ ಈ ಸಾಮೀಪ್ಯವನ್ನು ಕಣ್ತುಂಬ ನೋಡಬಹುದು. 1970ರ ದಶಕದಲ್ಲಿ ಇಸ್ತ್ರಿ ಒತ್ತಿ ಟೀಶರ್ಟಿಗೆ ಹೆಸರು ಹಾಕಿಸಿಕೊಳ್ಳುವವರಿಗೂ ಇದೇ ಅಕ್ಷರ ಸಿಕ್ಕಿತು. ಅದೇ ಕಾಲದಲ್ಲಿ ವಿನ್ಯಾಸಕ ಎಡ್ ಬೆಂಗ್ಯಾಟ್, ಇದರಂತೆಯೇ ಮೆದು ಅಂಚಿನ ಹಳೆಯ ಸೂವನೀರ್ ಅಕ್ಷರಶೈಲಿಗೆ ಹೊಸ ರೂಪ ಕೊಟ್ಟರು. 1995ರಲ್ಲಿ ಈಸಿಜೆಟ್ ವಿಮಾನಗಳ ಮೈಮೇಲೂ ಕೂಪರ್ ಹತ್ತಿತು. ಅಗ್ಗದ ಟಿಕೆಟ್ ಕೊಳ್ಳುವವರನ್ನು ಹೆದರಿಸದ ಅಕ್ಷರ ಅದು.

ಈಚೆಗೆ 2017ರಲ್ಲಿ ಚೋಬಾನಿ ಮೊಸರಿನ ಡಬ್ಬಿಗೆ, 2021ರಲ್ಲಿ ಬರ್ಗರ್ ಕಿಂಗ್‌ಗೆ ಇದೇ ಬಳಗದ ಮೆದು ಅಕ್ಷರಗಳು ಬಂದವು. ಹಿಂಬಾಲಿಸಿದ ಬ್ರ್ಯಾಂಡುಗಳಲ್ಲಿ ಹಲವು ಮೆದುತನವನ್ನಷ್ಟೇ ಎತ್ತಿಕೊಂಡು ಒಳಗಿನ ಬಿಳಿಯನ್ನು ಮರೆತಿವೆ ಎಂಬುದು ನನ್ನ ತಕರಾರು. ಮೂರು ನಾಲ್ಕು ಪದಗಳ ತಲೆಬರಹಕ್ಕೆ ಈ ಜಾತಿಯ ಅಕ್ಷರದಷ್ಟು ಒಳ್ಳೆಯದಿಲ್ಲ. ಸಣ್ಣ ಗಾತ್ರದಲ್ಲಿ ಪ್ಯಾರಾಗಟ್ಟಲೆ ಹಾಕಿದರೆ ಅದು ಬರೀ ಕಪ್ಪು ಕಲೆ.

ಕನ್ನಡಕ್ಕೆ ಎಕ್ ಟೈಪ್ ಸಂಸ್ಥೆ ಕೊಟ್ಟ ‘ಬಾಲೂ ತಮ್ಮ’ ಫಾಂಟ್ ಈ ಮನೋಧರ್ಮಕ್ಕೆ ಹತ್ತಿರದ್ದು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಗುಂಡುತನ ನಮ್ಮ ಲಿಪಿಗೆ ಹುಟ್ಟಿನಿಂದಲೇ ಇದೆ, ಕಷ್ಟವಿರುವುದು ಜಾಗದ್ದು. ‘ರಾಷ್ಟ್ರ’ ಎಂದು ದಪ್ಪವಾಗಿ ಬರೆಯಹೊರಟರೆ ಷಕಾರದ ಹೊಟ್ಟೆಯ ಗೆರೆ, ಅದರಡಿಯ ಟಕಾರದ ಒತ್ತು, ಅದರ ಪಕ್ಕದ ರಕಾರದ ಒತ್ತು ಎಲ್ಲವೂ ಒಂದೇ ತೂಕ ಕೇಳುತ್ತವೆ. ಕೊಟ್ಟರೆ ಮೆತ್ತಿಕೊಳ್ಳುತ್ತದೆ, ಕೊಡದಿದ್ದರೆ ಒತ್ತುಗಳು ಬಡಕಲಾಗುತ್ತವೆ. ನಮ್ಮ ಅಂಗಡಿ ಬೋರ್ಡು, ಸಿನಿಮಾ ಪೋಸ್ಟರುಗಳನ್ನು ಬರೆದ ಕುಂಚದ ಕಲಾವಿದರು ಈ ತೊಡಕನ್ನು ಪ್ರತಿ ಪದಕ್ಕೂ ಬೇರೆಬೇರೆಯಾಗಿ ಬಿಡಿಸುತ್ತಿದ್ದರು. ಕನ್ನಡದ ಫಾಂಟ್ ತಯಾರಕರು ಮೊದಲು ಕೂತು ನೋಡಬೇಕಾದದ್ದು ಆ ಬೋರ್ಡುಗಳನ್ನೇ.